ಅಲಂಕಾರವೆಂದು ಬರೆದುಕೊಂಡ ಬೆಂಕಿ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಎಲ್ಲ ಕೆಡಲು ಶುರುವಾಯಿತು. ಇಷ್ಟು ಕರಾರುವಾಕ್ಕಾಗಿ ಹೇಗೆ ಹೇಳುತ್ತೀ ಎಂದು ನೀವು ಕೇಳಿದರೆ, ನನ್ನ ಹತ್ತಿರ ದಾಖಲೆ ಇದೆ. ಆ ಗಳಿಗೆಯಲ್ಲಿ ನಾನು ಗಡಿಯಾರ ನೋಡಿ, ನೋಟುಬುಕ್ಕಿನಲ್ಲಿ ವೇಳೆ ಬರೆದು, ಅದರ ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಹಾಡು: ಒಂದು’ ಎಂದು ಗುರುತು ಹಾಕಿಕೊಂಡಿದ್ದೆ. ತನ್ನ ಸಾವಿನ ಕರೆಯನ್ನು ಇಷ್ಟು ಶ್ರದ್ಧೆಯಿಂದ ಪೆನ್ಸಿಲಿನಲ್ಲಿ ಬರೆದುಕೊಂಡ ಇನ್ನೊಬ್ಬ ಮನುಷ್ಯ ಲಿಂಗಸುಗೂರು ತಾಲ್ಲೂಕಿನಲ್ಲಿ ಹುಟ್ಟಿರಲಾರ.

ಆ ನೋಟುಬುಕ್ಕು ಮೊನ್ನೆ ಸಿಕ್ಕಿತು. ಹೆಂಡತಿ ಬಚ್ಚಲ ಒಲೆ ಹೊತ್ತಿಸಲು ರದ್ದಿ ಹುಡುಕುತ್ತಿದ್ದಳು. “ಇದು ಬೇಕೇನ್ರೀ, ಇಲ್ಲಾ ಒಲಿಗೆ ಹಾಕ್ಲ್ಯಾ?” ಎಂದು ಎತ್ತಿ ತೋರಿಸಿದಳು. ಬೆಂಕಿಗೆ ಹಾಕಲು ಅದಕ್ಕಿಂತ ಯೋಗ್ಯವಾದ ಪುಸ್ತಕ ನಮ್ಮ ಮನೆಯಲ್ಲಿಲ್ಲ. ಆದರೂ ಯಾಕೋ ಕಸಿದುಕೊಂಡೆ. ಅವತ್ತು ಸ್ನಾನಕ್ಕೆ ನೀರು ಕಾಯಲಿಲ್ಲ.

ಆಗ ನನಗೆ ಇಪ್ಪತ್ತೊಂದು ವರ್ಷ. ನಿಜಾಮರ ರಾಜ್ಯ ಮುಗಿಯಲು ಇನ್ನೂ ಕೆಲವು ವರ್ಷ ಬಾಕಿ ಇತ್ತು. ನನ್ನ ಬುದ್ಧಿವಂತಿಕೆ ಮುಗಿಯಲು ಅಷ್ಟು ಕಾಲ ಬೇಕಾಗಲಿಲ್ಲ. ಹೈದರಾಬಾದಿನ ಕಾಲೇಜಿನಿಂದ ಬೇಸಿಗೆ ರಜೆಗೆ ಮಸ್ಕಿಗೆ ಬರುವಾಗ ಒಂದು ಹೊಸ ರೋಗವನ್ನು ಹಚ್ಚಿಕೊಂಡು ಬಂದಿದ್ದೆ. ಯಾವುದೋ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದು: ಅಲ್ಲಿಯ ಜನ ಮರಗಿಡವಿಲ್ಲದ ಹುಲ್ಲಿನ ಗುಡ್ಡಗಳನ್ನು ಸುಮ್ಮನೆ ಹತ್ತುತ್ತಾರೆ. ದೇವರಿಲ್ಲ, ಹರಕೆಯಿಲ್ಲ, ಕೆಲಸವಿಲ್ಲ. ಮಂಜಿನಲ್ಲಿ ಮೈಲುಗಟ್ಟಲೆ ನಡೆದು ತುದಿ ಮುಟ್ಟುತ್ತಾರೆ, ಅಲ್ಲಿ ನಿಂತು ಗಾಳಿ ಕುಡಿಯುತ್ತಾರೆ, ಇಳಿದು ಬಂದು ಚಹಾ ಕುಡಿಯುತ್ತಾರೆ. ಇದಕ್ಕಿಂತ ಉದಾತ್ತವಾದ ಜೀವನ ಇಲ್ಲವೆಂದು ನನಗೆ ಮನವರಿಕೆಯಾಗಿತ್ತು. ಅವರಂತೆಯೇ ಇರಬೇಕೆಂದು ಒಂದು ಹ್ಯಾಟನ್ನೂ ಮೊಣಕಾಲಿನವರೆಗೆ ಬರುವ ಉಣ್ಣೆಯ ಕಾಲುಚೀಲವನ್ನೂ ಕೊಂಡಿದ್ದೆ. ಮಸ್ಕಿಯ ಏಪ್ರಿಲ್ ತಿಂಗಳಲ್ಲಿ ಉಣ್ಣೆಯ ಕಾಲುಚೀಲ! ಆ ಪುಸ್ತಕ ಬರೆದವನು ಬಂದು ನೋಡಿದ್ದರೆ ಅವನೇ ನನ್ನನ್ನು ವಾಪಸು ಮನೆಗೆ ಕಳಿಸುತ್ತಿದ್ದ.

ನಮ್ಮ ಕಡೆ ಗುಡ್ಡಗಳಿಗೆ ಬರವಿಲ್ಲ. ಹೆಚ್ಚಿನವು ಯಾರೋ ಬಂಡೆಗಳನ್ನು ರಾಶಿ ಹಾಕಿ ಮರೆತುಹೋದಂತೆ ಇರುತ್ತವೆ. ಆದರೆ ಲಿಂಗಸುಗೂರಿನ ದಾರಿಯಿಂದ ಒಳಗೆ ಎರಡು ಹರದಾರಿ ಹೋದರೆ ಒಂದು ಗುಡ್ಡವಿತ್ತು. ಹುಲ್ಲುಗುಡ್ಡ ಎನ್ನುತ್ತಿದ್ದರು. ನೆತ್ತಿ ಚಪ್ಪಟೆ. ಅಲ್ಲಿ ಒಂದು ಮರವಿಲ್ಲ. ಅಲ್ಲೊಂದು ಇಲ್ಲೊಂದು ಕಾರೆಯ ಮುಳ್ಳುಪೊದೆ ಬಿಟ್ಟರೆ ಸೊಂಟದೆತ್ತರದ ಬಾದೆ ಹುಲ್ಲು ಮಾತ್ರ ಗಾಳಿಗೆ ಹೊಯ್ದಾಡುತ್ತಿತ್ತು. ಆಚೆ ತುದಿಗೆ ಒಂದು ಬೋಳು ಬಂಡೆ, ಅದೇ ಶಿಖರ. ನನ್ನ ಪುಸ್ತಕದ ಚಿತ್ರವೇ. ಮಂಜೊಂದು ಕಡಿಮೆ ಇತ್ತು. ಅದರ ಬದಲು ಹೊಗೆ ಒದಗಲಿದೆ ಎಂದು ಆಗ ಗೊತ್ತಿರಲಿಲ್ಲ.

ಶಿಖರಕ್ಕೆ ಒಬ್ಬನೇ ಹೋದರೆ ಸಾಹಸ ಮೆಚ್ಚುವವರು ಯಾರು? ನನ್ನ ಅಕ್ಕ ನೀಲಮ್ಮ ಏಳು ತಿಂಗಳ ಬಸುರಿ, ತವರಿಗೆ ಬಂದಿದ್ದಳು. ಅವಳನ್ನು ನೋಡಲು ಭಾವ ಚೆನ್ನಬಸಪ್ಪ ಸಿಂಧನೂರಿನಿಂದ ಬಂದಿದ್ದ. ಅವನದು ಅರಿವೆ ಅಂಗಡಿ. ಸೌಮ್ಯ, ದಪ್ಪ, ಗಾದಿಯಿಂದ ಏಳದೆಯೇ ಇಡೀ ದಿನ ವ್ಯಾಪಾರ ಮಾಡಬಲ್ಲ ಮನುಷ್ಯ. ಅತ್ತೆಯ ಮನೆಯಲ್ಲಿ ಅಳಿಯ ಯಾವುದಕ್ಕೂ ಇಲ್ಲ ಎನ್ನುವಂತಿಲ್ಲ. ಮೂರನೇ ಸಲ ಹೋಳಿಗೆ ಬಡಿಸಿದರೂ ಇಲ್ಲ ಎನ್ನುವಂತಿಲ್ಲ, ಗುಡ್ಡಕ್ಕೆ ಕರೆದರೂ ಇಲ್ಲ ಎನ್ನುವಂತಿಲ್ಲ. ನಾನು ಕರೆದೆ.

“ಏನೈತಿ ಅಲ್ಲಿ?” ಎಂದು ಕೇಳಿದ.

“ಏನೂ ಇಲ್ಲ ಭಾವಾ. ಅದೇ ಅದರ ಸೊಗಸು.”

“ಏನೂ ಇಲ್ಲದ್ದು ಇಲ್ಲೇ ಕಟ್ಟಿ ಮ್ಯಾಲೆ ಕುಂತರೂ ಸಿಗತೈತಲ್ಲೋ ಸಂಗಣ್ಣ,” ಎಂದ ಭಾವ. ತತ್ವಜ್ಞಾನದಲ್ಲಿ ಅವನು ನನಗಿಂತ ಮುಂದಿದ್ದ. ಆದರೂ ಎದ್ದ.

ಅಕ್ಕ ಮಾತ್ರ ಬಾಗಿಲಿಗೆ ಅಡ್ಡ ನಿಂತಳು. ಆ ಗುಡ್ಡದ ಹುಲ್ಲನ್ನು ವರ್ಷಕ್ಕೊಮ್ಮೆ, ಮಳೆಗೆ ಮುಂಚೆ, ಕುರಿಯವರು ಸುಡುತ್ತಾರೆ. ಒಣಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆಹುಲ್ಲು ಬರುತ್ತದೆ. “ಸುಡೋ ಸೋಮಾರ ಇದ ಇರಬೇಕು ನೋಡು,” ಎಂದಳು.

“ಅದು ಮುಗದು ಹತ್ತು ದಿನ ಆತು. ನಾನ ಓದೀನಿ ಇಶ್ತಿಹಾರ್,” ಎಂದೆ.

ಓದಿದ್ದು ನಿಜ. ಚಾವಡಿಯ ಗೋಡೆಗೆ ಉರ್ದುವಿನಲ್ಲಿ ಇಶ್ತಿಹಾರ್ ಅಂಟಿಸಿದ್ದರು. ಖುರ್ದಾದ್ ತಿಂಗಳ ಇಪ್ಪತ್ತನೇ ತಾರೀಖು ಹುಲ್ಲು ಸುಡಲು ಪರವಾನಗಿ ಇದೆ, ಜನ ದನಕರುಗಳು ಗುಡ್ಡದ ಕಡೆ ಹೋಗಕೂಡದು ಎಂದು. ಇಲ್ಲೊಂದು ಸಣ್ಣ ಮಾತು. ನಮ್ಮ ಕಡೆ ಆಗ ಒಬ್ಬೊಬ್ಬ ಮನುಷ್ಯ ಮೂರು ಮೂರು ತಾರೀಖುಗಳಲ್ಲಿ ಬದುಕುತ್ತಿದ್ದ. ಸರ್ಕಾರಕ್ಕೆ ಫಸಲಿ, ಕಾಲೇಜಿಗೆ ಇಂಗ್ಲಿಷು, ಅವ್ವನಿಗೆ ಪಂಚಾಂಗ. ನಾನು ಹುಟ್ಟಿದ್ದು ಅವ್ವನ ಪ್ರಕಾರ ಕಾರಹುಣ್ಣಿಮೆಯ ಮರುದಿನ, ಶಾಲೆಯ ರಿಜಿಸ್ಟರಿನಲ್ಲಿ ಅಮರ್ದಾದ್ ತಿಂಗಳು, ಕಾಲೇಜಿನ ಸರ್ಟಿಫಿಕೇಟಿನಲ್ಲಿ ಬೇರೆಯೇ ಏನೋ. ಹೀಗೆ ಮೂರು ಸಲ ಹುಟ್ಟಿದವನು ಒಂದೇ ಸಲಕ್ಕೆ ಸಾಯುವುದರಲ್ಲಿದ್ದೆ. ಖುರ್ದಾದ್ ಎಂದರೆ ಹೆಚ್ಚುಕಡಿಮೆ ಏಪ್ರಿಲ್; ಆ ದಿನಗಳಲ್ಲಿ ಫಸಲಿಯ ತಾರೀಖನ್ನು ಇಂಗ್ಲಿಷಿಗೆ ತರಬೇಕಾದರೆ ಸುಮಾರು ಐದು ದಿನ ಕೂಡಿಸಬೇಕಿತ್ತು. ನಾನು ಐದು ದಿನ ಕಳೆದೆ. ಏಪ್ರಿಲ್ ಇಪ್ಪತ್ತೈದು ಎಂದಾಗಬೇಕಾದದ್ದು ಹದಿನೈದಾಯಿತು. ನಾವು ಹೊರಟದ್ದು ಇಪ್ಪತ್ತೈದಕ್ಕೆ.

ಕುರಿಯವರಿಗೆ ಈ ತೊಂದರೆ ಇರಲಿಲ್ಲ, ಅವರಿಗೆ ಓದಲು ಬರುತ್ತಿರಲಿಲ್ಲ. ದವನದ ಹುಣ್ಣಿಮೆಯಾದ ಮೇಲಿನ ಎರಡನೆಯ ಸೋಮವಾರ ಎಂದು ಬೆರಳು ಮಡಚಿ ಎಣಿಸಿಕೊಂಡಿದ್ದರು.

“ಕರಕೊಂಡು ಹೋದಂಗ ಕರಕೊಂಡು ಬಾ ಮತ್ತ,” ಎಂದಳು ಅಕ್ಕ. ಅವಳ ಒಂದು ಕೈ ಹೊಟ್ಟೆಯ ಮೇಲಿತ್ತು. ಬರುವ ವಾರ ಬಸುರಿಗೆ ಮಾಡುವ ಕುಬುಸದ ಕಾರ್ಯವಿತ್ತು. ಹಸಿರು ಬಳೆಯ ಮಲಾರ ಬಂದು ಅಳತೆ ತೆಗೆದುಕೊಂಡು ಹೋಗಿದ್ದ.

ದಾರಿಯುದ್ದಕ್ಕೂ ನಮಗೆ ಅಪಾರ ಮರ್ಯಾದೆ ಸಿಕ್ಕಿತು. ಮಾಮೂಲು ದಿನವಾದರೆ ಗುಡ್ಡದ ಕಡೆ ಹೊರಟವರನ್ನು ಜನ “ಏನ್ ಕಳಕೊಂಡೀರೆಪಾ, ಆಡೋ ಕುರಿಯೋ?” ಎಂದು ಕೇಳುತ್ತಾರೆ; ಕಳೆದುಕೊಂಡದ್ದನ್ನು ಹುಡುಕಲು ಬಿಟ್ಟರೆ ಅಲ್ಲಿಗೆ ಹೋಗುವ ಕಾರಣ ಅವರಿಗೆ ಹೊಳೆಯುವುದಿಲ್ಲ. ಅವತ್ತು ಒಬ್ಬರೂ ಕೇಳಲಿಲ್ಲ. ಗುಡ್ಡದ ಬುಡದಲ್ಲಿ ಕುಳಿತಿದ್ದ ಏಳೆಂಟು ಮಂದಿ ನನ್ನ ಹ್ಯಾಟು ಕಂಡದ್ದೇ ಎದ್ದು ಸಲಾಮು ಹೊಡೆದರು. ಒಬ್ಬ ಮುದುಕ, “ಇವತ್ತ ಸೋಮಾರರೀ ಸಾಹೇಬ್ರ,” ಎಂದ.

“ಗೊತ್ತೈತಿ,” ಎಂದೆ, ಗತ್ತಿನಿಂದ.

“ಗೊತ್ತಿದ್ದ ಬಂದಾರ ಬಿಡ್ರಲೇ,” ಎಂದು ಅವನು ಉಳಿದವರಿಗೆ ಹೇಳಿದ್ದು ಕೇಳಿಸಿತು.

ಅವರು ನನ್ನನ್ನು ಸುಡುವುದನ್ನು ತನಿಖೆ ಮಾಡಲು ಬಂದ ಜಂಗಲಾತಿನ, ಅಂದರೆ ಅರಣ್ಯ ಇಲಾಖೆಯ, ಸಾಹೇಬನೆಂದು ತಿಳಿದಿದ್ದರು. ಸಾಹೇಬನಿಗೆ ಬೆಂಕಿ ಹಚ್ಚುತ್ತೇವೆ ಎಂದು ಎಚ್ಚರಿಸುವುದು ಹೇಗೆ? ಅವನು ನೋಡಬೇಕೆಂದೇ ಅಲ್ಲವೇ ಬಂದಿರುವುದು. ನಾನೋ, ಹಳ್ಳಿಯ ಜನರಿಗೆ ವಿದ್ಯೆಯ ಮೇಲಿರುವ ಗೌರವದ ಕುರಿತು ಭಾವನಿಗೆ ಉಪನ್ಯಾಸ ಕೊಡುತ್ತ ಹತ್ತಿದೆ. ಭಾವ ಬುತ್ತಿಯ ಗಂಟು ಹೊತ್ತು, ಮೂಗಿನಲ್ಲಿ ಸಿಳ್ಳೆ ಹಾಕುತ್ತ, ಹಿಂದೆ ಬಂದ.

ನೆತ್ತಿಯ ಮೇಲೆ ಒಂದು ದನವಿಲ್ಲ, ಒಂದು ಕುರಿಯಿಲ್ಲ. “ನೋಡ್ರಿ ಭಾವಾ, ಏಕಾಂತ!” ಎಂದೆ. ಹುಲ್ಲು ಒಂದೆಳೆಯೂ ಸುಟ್ಟಿರಲಿಲ್ಲ. ಭಾವ ಅದನ್ನು ಗಮನಿಸಿದ. ಅಂಗಡಿಯವನ ಕಣ್ಣು.

“ಸುಟ್ಟು ಹತ್ತು ದಿನ ಆತು ಅಂದಿ. ಇದು ಹಂಗ ಐತಲ್ಲೋ?”

“ಈ ವರ್ಷ ಸುಟ್ಟಿಲ್ಲ. ಮೈಗಳ್ಳರು,” ಎಂದೆ. ನಮ್ಮ ರೈತಾಪಿ ಜನ ಯಾಕೆ ಹಿಂದುಳಿದಿದ್ದಾರೆ ಎಂಬುದಕ್ಕೆ ಆ ಹುಲ್ಲನ್ನೇ ಸಾಕ್ಷಿಯಾಗಿ ತೋರಿಸಿ, ಅದರ ನಡುವೆಯೇ ನಿಂತು, ಹತ್ತು ನಿಮಿಷ ಮಾತಾಡಿದೆ.

ಆಗ ಆ ದನಿ ಬಂತು. ದೂರದಲ್ಲಿ ಒಬ್ಬ ಹೆಂಗಸು, ಹೆಗಲ ಮೇಲೆ ಕರಿಕಂಬಳಿ, ಬಾಯಿಗೆ ಎರಡೂ ಕೈ ಹಿಡಿದು ನಾಲ್ಕೂ ದಿಕ್ಕಿಗೆ ತಿರುಗಿ ತಿರುಗಿ ಕೂಗುತ್ತಿದ್ದಳು:

“ಮಲಗಿದವರು ಏಳ್ರೋ, ಕುಂತವರು ಏಳ್ರೋ,
ಹೊಟ್ಟಿಲೆ ಇದ್ದವರು ಮೆಲ್ಲಕ ಹೋಗ್ರೋ,
ಮರಿ ಕಚಗೊಂಡು ಕೆಳಗ ಇಳೀರೋ,
ಬೆಂಕಿ ಬರತೈತಿ, ದಾರಿ ಬಿಡ್ರೋ!”

ಹನ್ನೊಂದು ಇಪ್ಪತ್ತು. ನಾನು ನೋಟುಬುಕ್ಕು ತೆಗೆದೆ. ಏನು ಲಯ! ಏನು ಪ್ರಾಸ! ಪಟ್ಟಣದಲ್ಲಿ ಪಂಡಿತರು ಇಂಥವಕ್ಕಾಗಿ ಹಾತೊರೆಯುತ್ತಾರೆ.

“ಸಂಗಣ್ಣ, ಬೆಂಕಿ ಅಂದಳಲ್ಲೋ ಅಕಿ?”

“ಭಾವಾ, ಅದು ಅಲಂಕಾರ.”

ನೋಟುಬುಕ್ಕಿನಲ್ಲಿ ಇಂದಿಗೂ ಓದಬಹುದು. ‘ಬೆಂಕಿ’ ಎಂಬ ಶಬ್ದದ ಕೆಳಗೆ ಗೆರೆ, ಪಕ್ಕದಲ್ಲಿ ನನ್ನ ಟಿಪ್ಪಣಿ: ‘ವಿರಹದ ತಾಪ ಇರಬೇಕು.’ ಅವಳು ಅದನ್ನೇ ಮೂರು ಸಲ ಕೂಗಿದಳು. ನಾನು ಮೂರನೇ ಸಲ ಪಾಠಾಂತರವಿದೆಯೇ ಎಂದು ಹೋಲಿಸಿ ನೋಡಿದೆ. ಆಮೇಲೆ ಅವಳು ಬಗ್ಗಿ, ತನ್ನ ಸುತ್ತ ಒಂದು ಕಣದಷ್ಟು ಜಾಗದ ಹುಲ್ಲಿಗೆ ಬೆಂಕಿಯಿಟ್ಟು, ಸೊಪ್ಪಿನಿಂದ ಬಡಿದು ಆರಿಸಿ, ಆ ಕರಿಯ ನೆಲದ ನಡುವೆ ನಿಂತಳು. ಹುಲ್ಲು ಸುಡುವ ದಿನದ ಪದ್ಧತಿ ಅದು: ಒಬ್ಬರು ಮೇಲೆ ಹೋಗಿ, ಮೊಲ, ಕವುಜುಗ ಹಕ್ಕಿ, ಹಾವು, ತಪ್ಪಿಸಿಕೊಂಡ ಆಡು, ಎಲ್ಲಕ್ಕೂ ಮೂರು ಸಲ ಹೇಳಿ, ತಮಗೆ ನಿಲ್ಲಲು ಬೇಕಾದಷ್ಟು ನೆಲ ಸುಟ್ಟುಕೊಳ್ಳುತ್ತಾರೆ. ಆ ಹೊಗೆ ಕಂಡ ಮೇಲೆ ಕೆಳಗಿನವರು ಮೂರು ಕಡೆಯಿಂದ ಹಚ್ಚುತ್ತಾರೆ. ಇದು ಆಮೇಲೆ ಗೊತ್ತಾದದ್ದು. ಆಗ, “ಅಡಿಗಿ ಮಾಡಾಕತ್ತಾಳ ಕಾಣತೈತಿ,” ಎಂದೆ. ಭಾವನಿಗೆ ಹಸಿವಾಯಿತು. ಗಂಟು ಬಿಚ್ಚಿದ.

ಮೊದಲು ಬಂದದ್ದು ಸಪ್ಪಳ. ಭಾವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, “ಯಾರೋ ಥಾನು ಹರಿಯಾಕತ್ತಾರ,” ಎಂದ. ನಿಜಕ್ಕೂ ಹಾಗೇ ಇತ್ತು, ನೂರು ಅಂಗಡಿಗಳಲ್ಲಿ ಒಮ್ಮೆಗೇ ಹೊಸ ಅರಿವೆ ಹರಿದಂತೆ. ಆಮೇಲೆ ನಮ್ಮ ನಡುವಿನಿಂದ ಎರಡು ಮೊಲ ಹಾದುಹೋದವು. ಒಂದು ಕವುಜುಗ ತನ್ನ ಮರಿಗಳನ್ನು ಸಾಲು ಕಟ್ಟಿಸಿಕೊಂಡು ರೊಟ್ಟಿಯ ಅರಿವೆ ತುಳಿದು ಓಡಿತು. ನನ್ನ ಉಣ್ಣೆಯ ಕಾಲುಚೀಲದ ಮೇಲೆ ಒಂದು ಹಾವು ಯಾವ ಹಗೆಯೂ ಇಲ್ಲದೆ ಹರಿದುಹೋಯಿತು. ಹಾಡಿನ ಭಾವಾರ್ಥ ಅವಕ್ಕೆಲ್ಲ ಕೂಡಲೇ ಆಗಿತ್ತು. ಬಿ.ಎ. ತರಗತಿಯಲ್ಲಿದ್ದವನಿಗೆ ಮಾತ್ರ ಇನ್ನೂ ವ್ಯಾಖ್ಯಾನ ಬೇಕಿತ್ತು.

ಎದ್ದು ನೋಡಿದರೆ ಪಡುವಣ ಕಡೆ ಹುಲ್ಲಿನ ಮೇಲೆ ಗಾಳಿ ಕುಣಿಯುತ್ತಿತ್ತು. ಕಾದ ಗಾಜಿನಂಥ ಗಾಳಿ. ಅದರ ಕೆಳಗೆ ಕೆಂಪು. ಅದು ನಡೆದು ಬರುತ್ತಿರಲಿಲ್ಲ, ಜಿಗಿದು ಬರುತ್ತಿತ್ತು.

ಇನ್ನು ಮುಂದಿನದನ್ನು ನಾನು ಹಾಸ್ಯ ಮಾಡಿ ಹೇಳಲು ಬಹಳ ಸಲ ಪ್ರಯತ್ನಿಸಿದ್ದೇನೆ. ಆಗಿಲ್ಲ. ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ.

ಇಬ್ಬರೂ ಬಂಡೆಯ ಕಡೆ ಓಡಿದೆವು. ಭಾವನ ಧೋತರ ಒಂದು ಕಾರೆಯ ಪೊದೆಗೆ ಸಿಕ್ಕಿತು. ಅವನು “ಸಂಗಣ್ಣಾ” ಎಂದ. ಒಂದೇ ಸಲ ಎಂದ. ಜೋರಾಗಿ ಕೂಡ ಅನ್ನಲಿಲ್ಲ. ಗಾದಿಯ ಮೇಲೆ ಕುಳಿತು ಗಜಕಡ್ಡಿ ಕೊಡು ಎಂದು ಕೇಳಿದ ಹಾಗೆ. ನನಗೆ ಕೇಳಿಸಿತು. ಗದ್ದಲದಲ್ಲಿ ಕೇಳಿಸಲಿಲ್ಲ ಎಂದು ಹಲವು ವರ್ಷ ನನಗೆ ನಾನೇ ಹೇಳಿಕೊಂಡು ನೋಡಿದೆ. ಕೇಳಿಸಿತ್ತು. ನಾನು ಓಡಿದೆ. ಆ ಹೆಂಗಸು ತನ್ನ ಸುಟ್ಟ ನೆಲದಲ್ಲಿ ನಿಂತು, “ಕರಿ ನೆಲಕ್ಕ ಬರ್ರೋ, ಇಲ್ಲಿ ಕರಿ ನೆಲಕ್ಕ ಬರ್ರೋ!” ಎಂದು ಎರಡೂ ಕೈ ಬೀಸುತ್ತಿದ್ದಳು. ಅವಳ ಪಕ್ಕದಿಂದಲೇ ಓಡಿದೆ. ಹ್ಯಾಟು ಹಾರಿಹೋಯಿತು. ಬಂಡೆ ಹತ್ತಿ, ಅದರ ನೆತ್ತಿಗೆ ಹೋಗಿ, ಆಮೇಲೆ ತಿರುಗಿದೆ. ನಾನು ಶಿಖರ ಮುಟ್ಟಿದ್ದು ಹೀಗೆ.

ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ. ನನಗೆ ಅಕ್ಕನ ನೆನಪಾಗಲಿಲ್ಲ, ಅವಳ ಕೈಯ ನೆನಪಾಯಿತು. ಆ ಮಲಾರ ಮುಂದಿನ ವಾರ ಹಸಿರು ಬಳೆ ತರುತ್ತಾನೆ, ಅವನಿಗೆ ಬರಬೇಡ ಎಂದು ಯಾರು ಹೇಳುವುದು ಎಂದು ಯೋಚಿಸುತ್ತ ನಿಂತಿದ್ದೆ. ಇದನ್ನೇ ಯೋಚಿಸಿದೆ. ಕೂಗಲೂ ಇಲ್ಲ.

ಬೆಂಕಿ ನಮ್ಮನ್ನು ದಾಟಿ ಹೋಗಲು ಒಂದು ಎಲೆಯಡಿಕೆ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಹೊಗೆ ಹರಿದ ಮೇಲೆ ಆ ಕರಿನೆಲದ ನಡುವೆ ಒಂದು ಕಂಬಳಿಯ ಗುಡ್ಡೆ ಕಂಡಿತು. ಅದು ಅಲುಗಿತು. ಒಳಗಿನಿಂದ ಮೊದಲು ಆ ಹೆಂಗಸು ಎದ್ದಳು, ಆಮೇಲೆ ಕೆಮ್ಮುತ್ತ ನನ್ನ ಭಾವ. ಧೋತರವಿಲ್ಲ. ಹುಬ್ಬಿಲ್ಲ. ಸಿಂಧನೂರಿನ ಪೇಟೆಯಲ್ಲೇ ಹೆಸರಾಗಿದ್ದ ಮೀಸೆಯಿಲ್ಲ. ಉಳಿದದ್ದೆಲ್ಲ ಇತ್ತು.

ಆಕೆಯ ಹೆಸರು ದುರುಗವ್ವ. ವಯಸ್ಸು ಐವತ್ತರ ಮೇಲೆ. ತನ್ನ ಕರಿನೆಲ ಬಿಟ್ಟು, ಹೊತ್ತುವ ಹುಲ್ಲಿನೊಳಗೆ ಮೂವತ್ತು ಹೆಜ್ಜೆ ಓಡಿ, ಧೋತರ ಹರಿದು, ಭಾವನನ್ನು ರಟ್ಟೆ ಹಿಡಿದು ಎಳೆತಂದು, ಕಂಬಳಿ ಕವುಚಿಕೊಂಡು ಅವನ ಮೇಲೆ ಬಿದ್ದಿದ್ದಳು. ಬಂಡೆಯಿಂದ ಇಳಿದು ಬಂದ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ಏ ಚೀಲದ ಕಾಲಿನ್ಯಾವನ, ಮೂರು ಸಲ ಕೂಗೀನಿ, ಕಿವಿಯಾಗ ಏನ ಇಟ್ಟಿದ್ದಿ?”

“ಬರಕೊಳ್ಳಾಕತ್ತಿದ್ದೆ,” ಎಂದೆ.

ಅವಳು ಭಾವನ ಕಡೆ ತಿರುಗಿದಳು. “ಇಂಥಾವ್ನ ಜೋಡಿ ಗುಡ್ಡಕ್ಕ ಯಾಕ ಬಂದ್ಯೋ ನನ್ನಪ್ಪಾ?”

ಭಾವ ಕೆಮ್ಮು ನಿಲ್ಲಿಸಿ, “ಹೆಂಡತಿ ತಮ್ಮ ಆಗಬೇಕವ್ವ,” ಎಂದ. ಅವಳು, “ಹಂಗಾರ ಏನೂ ಮಾಡಾಂಗಿಲ್ಲ,” ಎಂದಳು. ಇಬ್ಬರೂ ನಕ್ಕರು. ನನ್ನ ಹಲ್ಲು ಕಟಕಟ ಎನ್ನುತ್ತಿದ್ದವು, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ.

ದುರುಗವ್ವನ ಕಂಬಳಿ ಸುತ್ತಿಕೊಂಡು ಅಳಿಯ ಮನೆಗೆ ಬಂದ. ಅಕ್ಕ ಬಾಗಿಲಲ್ಲೇ ಕುಸಿದಳು. ನಾನು ಬಾಯಿ ತೆರೆಯುವುದರೊಳಗೆ ಭಾವ ಮಾತಾಡಿಬಿಟ್ಟ: “ಅಳಬ್ಯಾಡ ನೀಲಾ. ನಿನ್ನ ತಮ್ಮ ಇರದಿದ್ರ ನಾ ಇವತ್ತ ಇಲ್ಲ. ಕೈ ಬಿಡದ ಎಳಕೊಂಡು ಬಂದಾನ.”

ಅವ್ವ ನನ್ನ ನೆಟಿಗೆ ತೆಗೆದಳು. ಅಪ್ಪ ಆವರೆಗೆ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದವನು, ಓಣಿಯವರನ್ನೆಲ್ಲ ಕರೆದು ಮಾತು ಶುರು ಮಾಡಿದ. ಮರುದಿನ ಹಿತ್ತಲಿನಲ್ಲಿ ಭಾವನನ್ನು ಹಿಡಿದು ಕೇಳಿದೆ, ಯಾಕೆ ಹಾಗೆ ಹೇಳಿದಿರಿ ಎಂದು. ಅವನು ಮೀಸೆಯಿದ್ದ ಜಾಗವನ್ನು ಸವರಿಕೊಂಡ.

“ನೀಲಾ ದಿನ ತುಂಬಾಕ ಬಂದಾಕಿ. ಅಕಿಗೆ ಇರಾವ ನೀ ಒಬ್ಬಾವ ತಮ್ಮ. ಗಂಡ ಉಳದಾನ, ತಮ್ಮನೂ ಉಳೀಲಿ ಬಿಡು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಅರಿವೆ ಹರಿಯುವ ಸಪ್ಪಳ. ಅದರ ನಡುವೆ ಆ ಒಂದು ಮಾತು, ಗಜಕಡ್ಡಿ ಕೇಳಿದಂತೆ. ಹಗಲು ಹೊತ್ತು ಅದಕ್ಕಿಂತ ಕಷ್ಟ, ಹಗಲಿನಲ್ಲಿ ನಾನು ವೀರನಾಗಿದ್ದೆ. ಶಾಲೆಯ ಮಾಸ್ತರರು ಕರೆದು, ಮಕ್ಕಳಿಗೆ ಧೈರ್ಯದ ಕುರಿತು ನಾಲ್ಕು ಮಾತು ಹೇಳಿ ಎಂದರು. ಹೇಳಿದೆ. ಚೆನ್ನಾಗಿ ಹೇಳಿದೆ ಎಂದು ಎಲ್ಲರೂ ಅಂದರು. ಕನ್ಯೆ ಕೊಡಲು ಬಂದ ಇಬ್ಬರು ನನ್ನ ಭುಜ ಮುಟ್ಟಿ ನೋಡಿದರು. ಕಾಲೇಜಿಗೆ ವಾಪಸು ಹೋದರೂ ಅದೇ ಕಥೆ. ಪರೀಕ್ಷೆಯಲ್ಲಿ ಅಲಂಕಾರಗಳ ಮೇಲೆ ಪ್ರಶ್ನೆ ಬಂದಿತ್ತು. ಉತ್ತರ ಬರೆಯದೆ ಎದ್ದು ಬಂದೆ.

ಅಕ್ಕನಿಗೆ ಗಂಡುಮಗು ಹುಟ್ಟಿತು. ನಾನು ದಸರೆಯ ರಜೆಗೆ ಬಂದಾಗ ಅದಕ್ಕೆ ನಾಲ್ಕು ತಿಂಗಳಾಗುತ್ತ ಬಂದಿತ್ತು. ಇನ್ನೊಂದು ವಾರಕ್ಕೆ ಭಾವ ಬಂದು ಇಬ್ಬರನ್ನೂ ಸಿಂಧನೂರಿಗೆ ಕರೆದೊಯ್ಯುವುದೆಂದು ಗೊತ್ತಾಗಿತ್ತು. ಒಂದು ಬೆಳಿಗ್ಗೆ ಅಕ್ಕ ಬಚ್ಚಲಲ್ಲಿ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುತ್ತಿದ್ದಳು. “ಇವಗ ನಿನ್ನ ಧೈರ್ಯ ಬರಲಿ,” ಎಂದಳು ನನ್ನನ್ನು ನೋಡಿ.

“ಅಕ್ಕಾ, ನಾ ಭಾವನ್ನ ಹಿಡಕೊಂಡಿದ್ದಿಲ್ಲ,” ಎಂದೆ. “ಓಡಿದೆ.”

ಅವಳು ಚೊಂಬು ಕೆಳಗಿಡಲಿಲ್ಲ. “ಎಷ್ಟು ದೂರ?”

“ಬಂಡೆ ಮಟ.”

“ಅವ್ರು ಕರದ್ರೇನು?”

“ಒಂದು ಸಲ.”

“ಕೇಳಿಸ್ತಾ?”

“ಕೇಳಿಸ್ತು.”

ಮಗುವಿನ ಕಣ್ಣಿಗೆ ನೀರು ಹೋಗದಂತೆ ಹಣೆಗೆ ಅಂಗೈ ಅಡ್ಡ ಹಿಡಿದು, ನಿಧಾನವಾಗಿ ತಲೆ ತೊಳೆದಳು. ಒರೆಸಿದಳು. ಎತ್ತಿಕೊಂಡು ಒಳಗೆ ಹೋದಳು. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕುಳಿತರೆ, “ಅವ್ವಾ, ಇನ್ನೊಂದು ರೊಟ್ಟಿ ಬೇಕೇನ್ ಕೇಳು,” ಎಂದು ನನ್ನ ಎದುರಿಗೇ ಹೇಳುವಳು. ನಾನೂ ಅವ್ವನಿಗೇ ಉತ್ತರ ಕೊಡುವೆ. ಅವ್ವ, “ನಾ ಏನ್ ಟಪಾಲಿನವಳೇನು?” ಎಂದು ಇಬ್ಬರಿಗೂ ಬೈಯುವಳು. ಆ ಒಂದು ವಾರವೂ ನಿದ್ದೆ ಬರಲಿಲ್ಲ. ಸತ್ಯ ಹೇಳಿದವನಿಗೆ ಕೂಡಲೇ ಮನಸ್ಸು ಹಗುರಾಗುತ್ತದೆ ಎಂದು ಪುಸ್ತಕಗಳಲ್ಲಿ ಬರೆಯುವವರು ಅಕ್ಕಂದಿರಿಲ್ಲದವರು.

ಮಂಗಳವಾರ ಭಾವ ಬಂದ, ಬುಧವಾರ ಬಂಡಿ ಬಂತು. ಸಾಮಾನು ಹೇರಿದರು. ಸಿಂಧನೂರು ಮುಟ್ಟಲು ಇಡೀ ದಿನದ ಹಾದಿ. ಎರೆನೆಲ ಹಸಿಯಿತ್ತು, ಹಳ್ಳಗಳು ಇನ್ನೂ ಇಳಿದಿರಲಿಲ್ಲ. ನಾನು ಬಂಡಿಯ ಹಿಂದೆ ನಿಂತಿದ್ದೆ, ಬಾ ಎಂದು ಯಾರೂ ಕರೆದಿರಲಿಲ್ಲ. ಅಕ್ಕ ಹತ್ತಿ ಕುಳಿತು, ಸೆರಗು ಸರಿಮಾಡಿಕೊಂಡು, ಮೊದಲ ಸಲ ನನ್ನ ಕಣ್ಣು ನೋಡಿದಳು.

“ಹತ್ತು,” ಎಂದಳು. ಹತ್ತಿದೆ. ಮಗುವನ್ನು ನನ್ನ ತೊಡೆಯ ಮೇಲೆ ಇಟ್ಟಳು.

“ಹಿಡ್ಕೋ. ಓಡಬ್ಯಾಡ.”

ಮೊದಲ ಹಳ್ಳದಲ್ಲಿ ಬಂಡಿ ಒಂದು ಮಗ್ಗುಲಿಗೆ ವಾಲಿತು. ಭಾವ ಕೈ ಚಾಚಿ, “ಕೊಡಿಲ್ಲಿ, ನಾ ಹಿಡಕೊಂತೀನಿ,” ಎಂದ. ಅಕ್ಕ ಅವನ ಕೈ ಸರಿಸಿದಳು. “ಇರಲಿ. ಅವನ ಹತ್ರ ಇರಲಿ.” ಎರಡನೆಯ ಹಳ್ಳದಲ್ಲೂ ಅಷ್ಟೇ. ಮಗು ನನ್ನ ಮೇಲೆ ಎರಡು ಸಲ ಒದ್ದೆ ಮಾಡಿತು, ಒಂದು ಸಲ ನನ್ನ ಕಿವಿಯನ್ನು ತನ್ನದೆಂದು ತಿಳಿದು ಎಳೆಯಿತು, ಆಮೇಲೆ ಬಾಯಿ ತೆರೆದುಕೊಂಡು ಮಲಗಿತು. ಸಾಲಗುಂದದ ಹೊಲಗಳು ಕಾಣುವ ಹೊತ್ತಿಗೆ ನನಗೆ ಮೊಣಕೈಯಿಂದ ಕೆಳಗೆ ತೋಳುಗಳೇ ಇರಲಿಲ್ಲ. ಅಲುಗಾಡಿಸಲಿಲ್ಲ.

ಭಾವನ ಮನೆ ಮುಟ್ಟಿದ ಮೇಲೆ ಅಕ್ಕ ನನ್ನ ಕೈಯಿಂದ ಮಗುವನ್ನು ಬಿಡಿಸಿಕೊಂಡಳು. ಬಿಡಿಸಿಕೊಳ್ಳಲೇ ಬೇಕಾಯಿತು, ನನ್ನ ಬೆರಳುಗಳು ತಾವಾಗಿ ಬಿಡುತ್ತಿರಲಿಲ್ಲ. ಉಣ್ಣಲು ಕರೆದದ್ದು ಗೊತ್ತು. ಪಡಸಾಲೆಯ ಕಂಬಕ್ಕೆ ಒರಗಿದ್ದು ಗೊತ್ತು. ಮರುದಿನ ಬಿಸಿಲು ಮುಖಕ್ಕೆ ಬಂದಾಗ ಅದೇ ಕಂಬದ ಬುಡದಲ್ಲಿದ್ದೆ. ಬೆಲ್ಲದ ಚಹಾ ಹಿಡಿದು ಅಕ್ಕ ಎದುರಿಗೆ ನಿಂತಿದ್ದಳು.

“ಎಷ್ಟು ಗೊರಕಿ ಹೊಡಿತಿಯೋ,” ಎಂದಳು. “ಕೂಸಿಗೆ ನಿದ್ದಿ ಇಲ್ಲ ನಿನ್ನ ಸಲುವಾಗಿ.”